ಇಲ್ಲದ ತೀರ್ಪಿನ ನಕಲು

2022ರ ಮಳೆಗಾಲದಲ್ಲಿ ನಾನು ಜೇವರ್ಗಿ ಕೋರ್ಟಿನ ನಕಲು ವಿಭಾಗದಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದೆ. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು ಬಾಕಿ ಇತ್ತು. ಅದಕ್ಕೂ ಮೊದಲು ಆಳಂದದಲ್ಲಿ ಹತ್ತು ವರ್ಷ, ಅಫಜಲಪುರದಲ್ಲಿ ಹದಿಮೂರು ವರ್ಷ ಇದೇ ಕೆಲಸ ಮಾಡಿದ್ದೆ. ಮೂರು ತಾಲ್ಲೂಕಿನ ಜಗಳಗಳನ್ನೂ ಕಾಗದದ ಮೇಲೆ ಓದಿದವಳು ನಾನು. ಅಷ್ಟು ಓದಿದ್ದರಿಂದ ಮನುಷ್ಯರ ಮೇಲೆ ಗೌರವ ಹೆಚ್ಚಿತೇ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ.

ನಕಲು ವಿಭಾಗವೆಂದರೆ ಕೋರ್ಟಿನಲ್ಲಿರುವ ಕಾಗದದ ಪ್ರತಿ ತೆಗೆದು, ಅಸಲಿನ ಜೊತೆ ಸಾಲುಸಾಲು ತಾಳೆ ನೋಡಿ, ಮುದ್ರೆ ಒತ್ತಿ ಕೊಡುವ ಜಾಗ. ಆ ಪ್ರತಿಗೆ ದೃಢೀಕೃತ ನಕಲು ಎಂದು ಹೆಸರು. ಜನ ಸರ್ಟಿಫೈಡ್ ಕಾಪಿ ಎನ್ನುತ್ತಾರೆ. ಅದನ್ನು ಪಡೆಯುವುದು ಬ್ರಹ್ಮವಿದ್ಯೆಯಲ್ಲ. ಒಂದು ಅರ್ಜಿ, ಅದರ ಮೇಲೆ ಕೋರ್ಟ್ ಫೀ ಸ್ಟಾಂಪು, ಕೇಸಿನ ನಂಬರು, ಎರಡೂ ಕಡೆಯವರ ಹೆಸರು, ಯಾವ ತಾರೀಖಿನ ಯಾವ ಕಾಗದ ಬೇಕೆಂಬ ವಿವರ. ಕೇಸಿನ ಪಕ್ಷಗಾರರಾದರೆ ಕಾರಣ ಹೇಳಬೇಕಿಲ್ಲ, ಅದು ಅವರ ಹಕ್ಕು. ಹೊರಗಿನವರಾದರೆ ಯಾಕೆ ಬೇಕೆಂದು ಅಫಿಡವಿಟ್ ಬರೆದು ನ್ಯಾಯಾಧೀಶ ಸಾಹೇಬರ ಅಪ್ಪಣೆ ಪಡೆಯಬೇಕು. ಇಷ್ಟೂ ನನ್ನ ಕಿಟಕಿಯ ಪಕ್ಕದ ಫಲಕದಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದಿತ್ತು. ಮೊಬೈಲಿಗೆ ಬಂದ ಹಾಳುಮೂಳನ್ನೆಲ್ಲ ಓದಿ ಹತ್ತು ಜನಕ್ಕೆ ಕಳಿಸುವ ಮಂದಿ, ಆ ಫಲಕಕ್ಕೇ ಬೆನ್ನು ಆನಿಸಿ ನಿಂತು, "ಒಳಗ ಯಾರರ ವಶೀಲಿ ಅದ ಏನ್ರಿ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ಇಂಥವರ ಮೇಲೆಯೇ ಏಜೆಂಟರು ಬದುಕುತ್ತಾರೆ. ಗೇಟಿನಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಆಗ ಚಂದ್ರಶಾ ಎಂಬಾತ ಕೂರುತ್ತಿದ್ದ. ಆತ ವಕೀಲನಲ್ಲ. ವಕೀಲರ ಗುಮಾಸ್ತನನ್ನು ನಮ್ಮ ಕಡೆ ಮುನ್ಶಿ ಎನ್ನುತ್ತಾರೆ. ಆತ ಮುನ್ಶಿಯೂ ಅಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ರೆಕ್ಸಿನ್ ಚೀಲ, ಬಾಯಿ ಬಿಟ್ಟರೆ "ನಮ್ಮ ಸಾಹೇಬರು". ಆ ಸಾಹೇಬರು ಆತನ ಮುಖವನ್ನೂ ನೋಡಿರಲಿಲ್ಲ. ಫಲಕದ ಮೇಲೆ ಬರೆದದ್ದನ್ನು ಗುಟ್ಟೆಂಬಂತೆ ಕಿವಿಯಲ್ಲಿ ಹೇಳುವುದು ಆತನ ಕಸುಬು. ಅದನ್ನೂ ಅರ್ಧ ತಪ್ಪು ಹೇಳುತ್ತಿದ್ದ.

ಒಂದು ಗುರುವಾರ ಬೆಳಗ್ಗೆ ನನ್ನ ಕಿಟಕಿಗೆ ಇಬ್ಬರು ಬಂದರು. ಮೂವತ್ತಮೂರು ವರ್ಷದ ನೀಲಮ್ಮ, ಅವಳ ತಂದೆಯ ತಮ್ಮ ಬಸಣ್ಣ. ಆಳಂದ ತಾಲ್ಲೂಕಿನ ಒಂದು ಹಳ್ಳಿಯವರು. ಮಾತೆಲ್ಲ ಬಸಣ್ಣನದೇ.

"ನಮಸ್ಕಾರ್ರಿ ಮೇಡಮ್ಮಾರ. ನಮ್ಮ ಹುಡುಗೀದು ಸೋಡಚೀಟಿ ಕೇಸ್ ಆಗಿತ್ರಿ. ಅದರ ಕಾಪಿ ಬೇಕಾಗ್ಯದ."

"ನಂಬರ್ ಎಷ್ಟು?"

"ನಂಬರ್ ಗೊತ್ತಿಲ್ರಿ."

"ಯಾವ ಇಸವಿ?"

"ಜೋಳದ ರಾಶಿ ಮುಗದಿತ್ರಿ ಆಗ."

"ನಂಬರ್ ತಗೊಂಡು ಬರ್ರಿ" ಎಂದು ನಾನು ಮುಖ ತಗ್ಗಿಸಿ ರಿಜಿಸ್ಟರಿಗೆ ಮರಳಿದೆ. ಮೂವತ್ತು ವರ್ಷದಿಂದ ಈ ಮಾತು ಹೇಳಿ ಹೇಳಿ ನನ್ನ ನಾಲಿಗೆಗೆ ರೂಢಿಯಾಗಿತ್ತು. ಇಷ್ಟು ಅಂದರೆ ಜನ ಬೆಂಚಿನ ಕಡೆ ಹೋಗುತ್ತಿದ್ದರು, ನನ್ನ ಕಿಟಕಿ ಖಾಲಿಯಾಗುತ್ತಿತ್ತು.

ಈ ಹೆಣ್ಣುಮಗಳು ಹೋಗಲಿಲ್ಲ. ಕಾಕಾನ ಮೊಣಕೈ ಸರಿಸಿ ಮುಂದೆ ಬಂದು, "ನಂಬರ್ ಎಲ್ಲಿ ಸಿಗ್ತದ್ರಿ?" ಎಂದಳು.

ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ನೇರವಾಗಿ ಕೇಳಿದವರು ಬಹಳ ಕಡಿಮೆ. ತಲೆ ಎತ್ತಿ ನೋಡಿದೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರಲ್ಲಿ ತನ್ನ ಕಾಗದಗಳನ್ನೆಲ್ಲ ಕ್ರಮವಾಗಿ ಜೋಡಿಸಿಕೊಂಡಿದ್ದಳು. ನನಗೆ ಕಾಗದ ಕ್ರಮವಾಗಿ ಇಟ್ಟುಕೊಳ್ಳುವವರ ಮೇಲೆ ಮಾತ್ರ ಸ್ವಲ್ಪ ಮರ್ಯಾದೆ. "ಏನ್ ಆಗ್ಯದ, ನೀ ಹೇಳು. ಕಾಕಾ, ನೀವು ಸುಮ್ಕ ನಿಂದರ್ರಿ" ಎಂದೆ.

ಅವಳು ಹೇಳಿದ್ದು ಇಷ್ಟು. ಮದುವೆಯಾದದ್ದು 2011ರಲ್ಲಿ, ಅಂದೋಲಾದಲ್ಲಿ, ಸೋದರತ್ತೆಯ ಮನೆಯ ಮುಂದಿನ ಹಂದರದಲ್ಲಿ. ಗಂಡ ಶಿವಶರಣಪ್ಪ ಅಫಜಲಪುರ ತಾಲ್ಲೂಕಿನವನು. ಎರಡು ವರ್ಷಕ್ಕೆ ಮಕ್ಕಳಾಗಲಿಲ್ಲವೆಂದು ತವರಿಗೆ ತಂದು ಬಿಟ್ಟ. ಊರ ಹಿರಿಯರು, ನಮ್ಮ ಕಡೆ ದೈವದವರು ಎನ್ನುತ್ತೇವೆ, ಐದು ಜನ ಕುಳಿತು ಬಾಂಡ್ ಪೇಪರಿನ ಮೇಲೆ ಸೋಡಚೀಟಿ ಬರೆಸಿದರು. ಗಂಡ ಹೆಂಡತಿಗೆ ಸಂಬಂಧವಿಲ್ಲ ಎಂಬ ಕಾಗದ. ಆಮೇಲೆ ಗಂಡನ ಕಡೆಯ ಮುನ್ಶಿಯೊಬ್ಬ, "ಕೋರ್ಟಿನ್ಯಾಗೂ ಪಕ್ಕಾ ಮಾಡಿಸೇವಿ" ಎಂದು ಹೇಳಿ ಕಳಿಸಿದ. ಯಾವ ಕೋರ್ಟು ಎಂದು ಇವರೂ ಕೇಳಲಿಲ್ಲ. ಶಿವಶರಣಪ್ಪ ಮರುವರ್ಷವೇ ಮತ್ತೊಂದು ಮದುವೆಯಾದ. ಇವಳು ಒಂಬತ್ತು ವರ್ಷ ಗಂಡ ಬಿಟ್ಟಾಕಿ ಎನ್ನಿಸಿಕೊಂಡು ತವರಿನಲ್ಲಿ ಹೊಲಿಗೆ ಮಾಡಿಕೊಂಡಿದ್ದಳು. ಯಾರ ಮನೆಯ ಮದುವೆಯಲ್ಲೂ ಅರಿಶಿನ ಹಚ್ಚಲು ಕರೆಯಲಿಲ್ಲ, ಬಸುರಿಯರ ಕುಬುಸದ ಕಾರ್ಯಕ್ಕೆ ಕರೆಯಲಿಲ್ಲ.

ಈಗ ಅವಳ ಊರಿನ ಅಂಗನವಾಡಿಗೆ ಕಾರ್ಯಕರ್ತೆಯ ಹುದ್ದೆ ಬಂದಿತ್ತು. ಪಿಯುಸಿ ಪಾಸಾದವಳು, ವಿಚ್ಛೇದಿತೆಯರಿಗೆ ಆದ್ಯತೆ ಇದ್ದದ್ದರಿಂದ ತಾತ್ಕಾಲಿಕ ಪಟ್ಟಿಯಲ್ಲಿ ಅವಳ ಹೆಸರೇ ಮೊದಲು. ಆದರೆ ಕಚೇರಿಯವರು ಬಾಂಡ್ ಪೇಪರ್ ನಡೆಯುವುದಿಲ್ಲ, ಕೋರ್ಟಿನ ಆದೇಶದ ದೃಢೀಕೃತ ನಕಲನ್ನು ಹತ್ತು ದಿನದಲ್ಲಿ ತನ್ನಿ ಎಂದಿದ್ದರು. ತರದಿದ್ದರೆ ಹುದ್ದೆ ಎರಡನೆಯವಳಿಗೆ. ಮೂರು ದಿನ ಆಳಂದಕ್ಕೂ ಅಫಜಲಪುರಕ್ಕೂ ಅಲೆದು ಮುಗಿದಿತ್ತು, ಎರಡೂ ಕಡೆ ಅಂಥ ಹೆಸರಿನ ಕೇಸು ಸಿಕ್ಕಿರಲಿಲ್ಲ. ಬಸಣ್ಣನಿಗೆ ಬಸ್ಸಿನಲ್ಲಿ ಯಾರೋ ಚಂದ್ರಶಾನ ಹೆಸರು ಹೇಳಿದ್ದರಿಂದ ಜೇವರ್ಗಿಗೆ ಬಂದಿದ್ದರು. ಚಂದ್ರಶಾ ಅದಾಗಲೇ ತನ್ನ ಬೆಂಚಿನ ಮೇಲೆ ಕೂತು ತೀರ್ಪು ಕೊಟ್ಟಾಗಿತ್ತು: "ಫೈಲ್ ಇಲಿ ತಿಂದಾವ. ನಾ ಹೊಸದು ಎಬ್ಬಸ್ತೇನಿ, ಒಂದಿಷ್ಟು ತಡಾ ಆಗ್ತದ."

"ಇಲಿ ತಿಂದದ್ದು ಆತ ಎಲ್ಲಿ ನೋಡ್ಯಾನ? ರೆಕಾರ್ಡ್ ರೂಮಿನ ಬಾಗಲಾ ಆತ ಒಮ್ಮೆನೂ ದಾಟಿಲ್ಲ" ಎಂದೆ.

ಸೋಡಚೀಟಿ ತೋರಿಸು ಎಂದು ಕೇಳಿ ಓದಿದೆ. ಐದು ಜನ ಹಿರಿಯರಲ್ಲಿ ನಾಲ್ವರ ಸಹಿ, ಒಬ್ಬರ ಹೆಬ್ಬೆಟ್ಟು, ನೋಟರಿಯ ಸೀಲು. ಕಾಗದದ ತುಂಬ "ಸಮಸ್ತ ದೈವದ ಸಮಕ್ಷಮ" ಎಂಬ ದೊಡ್ಡಸ್ತಿಕೆ. ಹಿಂದೂ ವಿವಾಹ ಕಾಯ್ದೆಯ ಮುಂದೆ ಇದಕ್ಕೆ ಕಿಮ್ಮತ್ತಿಲ್ಲ. ತಮ್ಮ ಕುಲದಲ್ಲಿ ಹಿಂದಿನಿಂದ ಅಂಥ ರೂಢಿ ಇದೆಯೆಂದು ಕೋರ್ಟಿನಲ್ಲಿ ಸಾಬೀತು ಮಾಡದ ಹೊರತು, ಮದುವೆ ಮುರಿಯುವ ಅಧಿಕಾರ ಕೋರ್ಟಿಗೆ ಮಾತ್ರ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಐದು ಜನ ಒಂದು ಹೆಣ್ಣಿನ ಬಾಳನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿ ಎದ್ದು ಹೋಗಿದ್ದರು. ಅವರಲ್ಲಿ ಒಬ್ಬನಾದರೂ ಈ ಕಾಗದ ನಡೆಯುತ್ತದೆಯೇ ಎಂದು ಯಾವ ವಕೀಲನನ್ನೂ ಕೇಳಿರಲಿಲ್ಲ.

ಇನ್ನು ಹುಡುಕುವ ದಾರಿ. ನಂಬರ್ ಇಲ್ಲದಿದ್ದರೂ ಕೇಸು ಸಿಗುತ್ತದೆ. ಮೊದಲು ಯಾವ ಯಾವ ಕೋರ್ಟಿನಲ್ಲಿ ಹಾಕಿರಲು ಸಾಧ್ಯ ಎಂದು ಲೆಕ್ಕ ಹಾಕಬೇಕು. ಜಮೀನಿನ ದಾವೆಯಾದರೆ ಜಮೀನು ಎಲ್ಲಿದೆಯೋ ಅಲ್ಲಿ. ಮದುವೆಯ ಕೇಸಾದರೆ ಮದುವೆ ಆದ ಊರು, ಎದುರುದಾರರು ಇರುವ ಊರು, ಗಂಡ ಹೆಂಡತಿ ಕೊನೆಗೆ ಜೊತೆಯಲ್ಲಿದ್ದ ಊರು, ಇವುಗಳಲ್ಲಿ ಯಾವುದರ ಕೋರ್ಟಿನಲ್ಲಾದರೂ ಹಾಕಬಹುದು. ಹೆಂಡತಿ ಹಾಕುವುದಾದರೆ ತಾನಿರುವ ಊರಿನಲ್ಲೂ ಹಾಕಬಹುದು. ಅಂದರೆ ನೀಲಮ್ಮನ ಲೆಕ್ಕದಲ್ಲಿ ಆಳಂದ, ಅಫಜಲಪುರ, ಮೂರನೆಯದು ಜೇವರ್ಗಿ, ಯಾಕೆಂದರೆ ಅಂದೋಲಾ ಇರುವುದು ಜೇವರ್ಗಿ ತಾಲ್ಲೂಕಿನಲ್ಲಿ. ಇಬ್ಬರೂ ಬದುಕದ ಊರಿನಲ್ಲಿ ಕೇಸು ಇರಬಹುದೆಂದು ಇವರಿಗೆ ಹೊಳೆದೇ ಇರಲಿಲ್ಲ. ಹೆಂಡತಿಗೆ ಸುದ್ದಿ ಮುಟ್ಟಬಾರದು, ತಾರೀಖಿಗೆ ಆಕೆ ಬರಬಾರದು ಎನ್ನುವ ಮುನ್ಶಿಗಳಿಗೆ ಮಾತ್ರ ಅದು ಮೊದಲು ಹೊಳೆಯುತ್ತದೆ.

"ನಿನ್ನ ಮೊಬೈಲ್ ತೆಗಿ" ಎಂದೆ. ಕೋರ್ಟುಗಳ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕಿನ ಕೋರ್ಟು ಆರಿಸಿ, ಪಕ್ಷಗಾರರ ಹೆಸರು ಮತ್ತು ಇಸವಿ ಹಾಕಿದರೆ ಕೇಸುಗಳ ಪಟ್ಟಿ ಬರುತ್ತದೆ. ಬಾಕಿ ಇರುವ ಕೇಸು, ವಿಲೇವಾರಿಯಾದ ಕೇಸು ಎಂದು ಎರಡು ಆಯ್ಕೆ ಇರುತ್ತವೆ. ಹಳೆಯದಾದರೆ ಎರಡನೆಯದನ್ನು ಒತ್ತಬೇಕು. ನೀಲಮ್ಮ ತಾನೇ ಹಾಕಿದಳು. 2013, 2014, ಮೂರೂ ಕೋರ್ಟು. ನೀಲಮ್ಮ ಎಂಬ ಹೆಸರಿನ ಒಂದೆರಡು ಕೇಸು ಬಂದವು, ಎಲ್ಲ ಬೇರೆಯವರವು. ಗಂಡನ ಹೆಸರು ಹಾಕಿದರೆ ಆ ಹೆಸರಿನವರು ಪುಟಗಟ್ಟಲೆ. ನಮ್ಮ ಮೂರು ತಾಲ್ಲೂಕಿನಲ್ಲಿ ಶಿವಶರಣಪ್ಪಂದಿರಿಗೆ ಬರವಿಲ್ಲ.

ಆಗ ನಾನು ಕೇಳಿದೆ, "ಮದ್ವ್ಯಾಗ ನಿನಗ ಏನಂತ ಹೆಸರಿಟ್ರು?"

ನಮ್ಮ ಕಡೆ ಅನೇಕ ಮನೆತನಗಳಲ್ಲಿ ಸೊಸೆ ಬಂದ ದಿನ ಅವಳ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ ಹೊಸ ಹೆಸರು ಬರೆಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನಗೂ ಹೀಗೊಂದು ಹೆಸರು ಇಟ್ಟಿದ್ದರು. ಅತ್ತೆ ಸಾಯುವವರೆಗೆ ಅದೇ ಹೆಸರಿನಿಂದ ಕರೆದರು, ನಾನು ಎರಡನೇ ಸಲ ಕರೆದಾಗ ಓಗೊಡುತ್ತಿದ್ದೆ. ಪುಣ್ಯಕ್ಕೆ ನೌಕರಿಯ ದಾಖಲೆಯಲ್ಲಿ ಅದು ಹತ್ತಲಿಲ್ಲ.

ನೀಲಮ್ಮ ಮೊಬೈಲಿನಿಂದ ತಲೆ ಎತ್ತಿದಳು. "ಸುವರ್ಣಾ ಅಂತಿಟ್ಟಿದ್ರು. ಎರಡು ವರ್ಷ ಅಷ್ಟ ಇತ್ರಿ ಆ ಹೆಸ್ರು. ನಾನೂ ಮರತೇ ಬಿಟ್ಟಿದ್ದೆ."

ಸುವರ್ಣಾ ಎಂದು ಹಾಕಿದಳು. ಜೇವರ್ಗಿ, 2013. ಒಂದೇ ಒಂದು ಸಾಲು ಬಂತು: ಶಿವಶರಣಪ್ಪ ಅರ್ಜಿದಾರ, ಸುವರ್ಣಾ ಎದುರುದಾರಳು, ವಿವಾಹ ಪ್ರಕರಣ, ವಿಲೇವಾರಿಯಾಗಿದೆ. ಹೇಗೆ ವಿಲೇವಾರಿಯಾಯಿತು ಎಂಬ ಕಾಲಂ ಮಾತ್ರ ಖಾಲಿ. ಬಸಣ್ಣ ಕೈ ಮುಗಿದ. "ಕಂಕುಳಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡಿಕಿದಂಗಾತು ನೋಡ್ರಿ!" ಎಂದು ನಕ್ಕ. ಆತನ ಮಟ್ಟಿಗೆ ಕೆಲಸ ಮುಗಿದಿತ್ತು, ಅಂಗನವಾಡಿ ಕೈಗೆ ಬಂದಿತ್ತು.

ಅರ್ಜಿಯನ್ನು ನೀಲಮ್ಮನ ಕೈಯಿಂದಲೇ ಬರೆಸಿದೆ. ಆಧಾರ್ ಕಾರ್ಡಿನಲ್ಲಿ ನೀಲಮ್ಮ, ಕೇಸಿನಲ್ಲಿ ಸುವರ್ಣಾ. ಆದ್ದರಿಂದ ಇಬ್ಬರೂ ಒಬ್ಬಳೇ ಎಂದು ಒಂದು ಅಫಿಡವಿಟ್ ಮಾಡಿಸಿ ಜೊತೆಗೆ ಹಚ್ಚು ಎಂದೆ. ಅಂತಿಮ ಆದೇಶವೊಂದನ್ನೇ ಕೇಳಬೇಡ, ಆರ್ಡರ್ ಶೀಟ್ ಮತ್ತು ಸಮನ್ಸಿನ ವರದಿಯನ್ನೂ ಕೇಳು ಎಂದು ಹೇಳಿದೆ. ಆರ್ಡರ್ ಶೀಟ್ ಎಂದರೆ ಪ್ರತಿ ತಾರೀಖಿಗೆ ಕೇಸಿನಲ್ಲಿ ಏನು ನಡೆಯಿತೆಂದು ಬರೆಯುವ ಹಾಳೆ. ವಕೀಲರು ತಮ್ಮ ಕಕ್ಷಿದಾರರಿಗೆ ಏನು ಬೇಕಾದರೂ ಹೇಳಬಹುದು, ಆರ್ಡರ್ ಶೀಟಿನಲ್ಲಿ ಇದ್ದದ್ದು ಇದ್ದ ಹಾಗೆ ಇರುತ್ತದೆ.

ಈ ನಡುವೆ ಚಂದ್ರಶಾ ಒಳಗೆ ಬಂದು ಕಿಟಕಿಗೆ ಮೊಣಕೈ ಊರಿದ. "ಇಂಥವೆಲ್ಲಾ ನಮಗ ಬಿಡ್ರಿ ಮೇಡಮ್ಮಾರ. ಹೆಣ್ಮಕ್ಕಳಿಗೆ ಏನ್ ತಿಳಿತದ?"

"ಹೌದಪ್ಪ, ನಾನೂ ಹೆಣ್ಮಗಳೇ. ನನಗ ತಿಳಿಯಂಗಿಲ್ಲ, ನೀನ ಹೇಳು, ಈ ಕೇಸಿನ ನಂಬರ್ ಎಷ್ಟು?" ಎಂದೆ. ಆತ ಹಲ್ಲು ಕಿರಿದ. "ಹಂಗಾರ ಮೊಣಕೈ ತೆಗಿ. ಧೂಳಾಗ್ತದ, ನಿನ್ನ ಅಂಗಿ ಬೆಳ್ಳಗದ." ಸಾಲಿನಲ್ಲಿ ನಿಂತವರು ನಕ್ಕರು, ಆತ ಹೋದ.

ರೆಕಾರ್ಡ್ ರೂಮ್ ನೋಡಿಕೊಳ್ಳುತ್ತಿದ್ದವರು ಖಾಜಾಸಾಬ್. ಮುಗಿದ ಕೇಸುಗಳನ್ನು ಇಸವಿವಾರು ಬಟ್ಟೆಯಲ್ಲಿ ಕಟ್ಟಿ ಇಡುವ ಗಂಟಿಗೆ ಬಸ್ತಾ ಎನ್ನುತ್ತೇವೆ. ವಿಲೇವಾರಿ ರಿಜಿಸ್ಟರಿನಲ್ಲಿ ಯಾವ ಬಸ್ತಾ ಎಂದು ನೋಡಿ, ಮರುದಿನ ಮಧ್ಯಾಹ್ನ ಅವರು ಫೈಲು ತಂದು ನನ್ನ ಮೇಜಿನ ಮೇಲಿಟ್ಟರು. ಇಲಿಯ ಹಲ್ಲಿನ ಗುರುತು ಒಂದೂ ಇರಲಿಲ್ಲ. "ಭಾಳ ತೆಳ್ಳಗದ್ರಿ ಇದು" ಎಂದರು ಖಾಜಾಸಾಬ್. ನನಗೆ ಆಗಲೇ ಅನುಮಾನ ಬಂತು. ವಿಚ್ಛೇದನ ಕೊಟ್ಟ ಫೈಲು ಅಷ್ಟು ತೆಳ್ಳಗಿರುವುದಿಲ್ಲ. ಸಾಕ್ಷಿ, ದಾಖಲೆ, ತೀರ್ಪು ಎಂದು ಪುಟ ಬೆಳೆದಿರುತ್ತವೆ.

ಓದಿದೆ. ಎರಡು ಸಲ ಓದಿದೆ. ಆಮೇಲೆ ಕನ್ನಡಕ ತೆಗೆದಿಟ್ಟೆ.

ಸೋಮವಾರ ನಕಲು ಸಿದ್ಧವಾಯಿತು. ನೀಲಮ್ಮ ಮತ್ತು ಬಸಣ್ಣ ಮೊದಲ ಬಸ್ಸಿಗೇ ಬಂದಿದ್ದರು. ಕಚೇರಿಯ ಗಡುವು ಮುಗಿಯಲು ಎರಡು ದಿನ ಉಳಿದಿತ್ತು. ಅವಳನ್ನು ಒಳಗೆ ಕರೆದು ಕುರ್ಚಿ ಕೊಟ್ಟು, "ಜೋರಾಗಿ ಓದು" ಎಂದೆ.

ಅವಳು ಓದಿದಳು. ಮೊದಲ ತಾರೀಖು: ಎದುರುದಾರಳಿಗೆ ಸಮನ್ಸ್ ಹೊರಡಿಸಲಾಗಿದೆ. ಎರಡನೆಯದು: ಸಮನ್ಸ್ ಜಾರಿಯಾಗದೆ ಮರಳಿದೆ, ಅರ್ಜಿದಾರರು ಸರಿಯಾದ ವಿಳಾಸ ಒದಗಿಸತಕ್ಕದ್ದು. ಮೂರನೆಯದು: ಅರ್ಜಿದಾರರು ಗೈರುಹಾಜರು, ಕೊನೆಯ ಅವಕಾಶ. ನಾಲ್ಕನೆಯದು: ಅರ್ಜಿದಾರರೂ ಅವರ ವಕೀಲರೂ ಗೈರುಹಾಜರು, ಯಾವ ಕ್ರಮವನ್ನೂ ಜರುಗಿಸಿಲ್ಲ, ಅರ್ಜಿ ವಜಾ.

"ವಜಾ ಅಂದ್ರ?" ಎಂದಳು.

"ಅಂದ್ರ ಕೋರ್ಟು ನಿಮ್ಮ ಮದಿವಿ ಮುರದಿಲ್ಲ. ಕೇಸು ನಡಸಲಿಲ್ಲ ಅಂತ ಅವನ ಅರ್ಜಿನೇ ತೆಗದ ಹಾಕ್ಯಾರ. ಕಾಯ್ದೆ ಪ್ರಕಾರ ನೀ ಇನ್ನೂ ಅವನ ಹೆಂಡ್ತಿ."

ಅವಳು ಆ ಹಾಳೆ ಮಗುಚಿಟ್ಟಳು. ಅಳಲಿಲ್ಲ. "ಮುಂದಿನ ಹಾಳಿ ಯಾವುದ್ರಿ?" ಎಂದು ಕೇಳಿದಳು.

ಮುಂದಿನದು ಸಮನ್ಸ್ ಒಯ್ದ ಪ್ರೊಸೆಸ್ ಸರ್ವರ್‌ನ ವರದಿ. ಮುನ್ಶಿ ಮಹಾಶಯ ಅರ್ಜಿಯಲ್ಲಿ ಗಂಡನ ಮನೆಯಲ್ಲಿ ಅವಳಿಗಿಟ್ಟ ಹೆಸರು, ಗಂಡನ ಹೆಸರು, ತವರೂರಿನ ಹೆಸರು ಇಷ್ಟನ್ನೇ ಬರೆದಿದ್ದ. ತಂದೆಯ ಹೆಸರು ಬರೆಯುವಷ್ಟು ಪುರುಸೊತ್ತು ಆತನಿಗಿರಲಿಲ್ಲ. ಹೀಗಾಗಿ ವರದಿ: "ಸುವರ್ಣಾ ಗಂಡ ಶಿವಶರಣಪ್ಪ ಎಂಬ ಹೆಸರಿನವರು ಈ ಗ್ರಾಮದಲ್ಲಿ ಯಾರೂ ಇಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿದೆ." ಕೆಳಗೆ ಹಾಗೆಂದು ಹೇಳಿದ ಗ್ರಾಮಸ್ಥನ ಸಹಿ.

ಬಸಣ್ಣ ಬಗ್ಗಿ ನೋಡಿದ. ಇನ್ನೊಮ್ಮೆ ನೋಡಿದ. "ಎಪ್ಪಾ! ಇದು ನಂದೇ ಸಹಿ!" ಎಂದ.

ಪೂರಾ ನೆನಪಾಯಿತು ಆತನಿಗೆ. ಕಟ್ಟೆಯ ಮೇಲೆ ಕುಳಿತಿದ್ದಾಗ ಯಾರೋ ಕೋರ್ಟಿನಾತ ಬಂದು ಸುವರ್ಣಾ ಯಾರ ಮನೆಯವಳು ಎಂದು ಕೇಳಿದ್ದ. "ನಮ್ಮೂರಾಗ ಸುವರ್ಣಾ ಯಾರೂ ಇಲ್ರಿ ಅಂತ ಹೇಳಿ ಸಹಿ ಮಾಡಿ ಕೊಟ್ಟೆ. ನಮ್ಮ ನೀಲವ್ವಗ ಅವರು ಆ ಹೆಸ್ರು ಇಟ್ಟಿದ್ದು ನನಗ ಅವತ್ತು ನೆಪ್ಪೇ ಆಗಲಿಲ್ಲ ನೋಡ್ರಿ!" ಮದುವೆಯ ದಿನ ಆ ಅಕ್ಕಿ ತಾಟಿನ ಮುಂದೆ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಆತನೂ ಒಬ್ಬ. ಆದರೂ ನಿಜ ಹೇಳಬೇಕೆಂದರೆ, ಆ ಇಡೀ ವ್ಯವಹಾರದಲ್ಲಿ ಅವಳಿಗೆ ಉಪಕಾರ ಮಾಡಿದ ಗಂಡಸು ಆತನೊಬ್ಬನೇ, ಅದೂ ಮರೆವಿನಿಂದ. ಆತ ಅವತ್ತು ನೆನಪು ಮಾಡಿಕೊಂಡಿದ್ದರೆ, ಅಥವಾ ಮುನ್ಶಿ ಸರಿಯಾಗಿ ಬರೆದಿದ್ದರೆ, ಸಮನ್ಸ್ ಜಾರಿಯಾಗಿ, ಇವಳು ಹೋಗದ ತಾರೀಖಿಗೆ ಇವಳ ಬೆನ್ನ ಹಿಂದೆ ಏಕಪಕ್ಷೀಯವಾಗಿ ತೀರ್ಪಾಗುತ್ತಿತ್ತು.

ವರ್ಷಗಟ್ಟಲೆ ಒಬ್ಬನೂ ಈ ನಾಲ್ಕು ಸಾಲು ಓದಿರಲಿಲ್ಲ. ವಕೀಲ ಓದಲಿಲ್ಲ. ಮುನ್ಶಿ ಓದದೆಯೇ "ಪಕ್ಕಾ ಆಗ್ಯದ" ಎಂದ. ಶಿವಶರಣಪ್ಪ ಅದನ್ನು ನಂಬಿ ಬಾಸಿಂಗ ಕಟ್ಟಿಕೊಂಡ. ದೈವದವರು ಆ ಮದುವೆಯಲ್ಲೂ ಹೋಳಿಗೆ ಉಂಡು ಬಂದರು. ಕೂಲಿಯವನು ತನ್ನ ಬಸ್ ಟಿಕೇಟನ್ನಾದರೂ ತಿರುಗಿಸಿ ನೋಡುತ್ತಾನೆ. ಈ ದೊಡ್ಡ ಮನುಷ್ಯರು ಮದುವೆ ಮುರಿದ ಕಾಗದವನ್ನು ನೋಡುವ ತಂಟೆಗೂ ಹೋಗಲಿಲ್ಲ.

ಆ ಮಧ್ಯಾಹ್ನ ಬಸಣ್ಣ ಗಾಬರಿಯಲ್ಲಿ ಶಿವಶರಣಪ್ಪನಿಗೆ ಫೋನ್ ಮಾಡಿದ, ಚಂದ್ರಶಾನಿಗೂ ಹೇಳಿದ. ಮಂಗಳವಾರ ಬೆಳಗ್ಗೆ ನೀಲಮ್ಮ ಕಿಟಕಿಗೆ ಬಂದವಳು ಮೆಲ್ಲಗೆ ಹೇಳಿದಳು: "ಚಂದ್ರಶಾ ನಾಳಿ ಮುಂಜಾನಿ ಅನ್ನೋದ್ರಾಗ ತೀರ್ಪು ಮಾಡಿ ಕೊಡ್ತಾನಂತ್ರಿ. ಹಳೇ ತಾರೀಖು ಹಾಕಿ, ಸೀಲು ಹೊಡದು. ಕಾಕಾ ಹೂಂ ಅನ್ನು ಅಂತಾನ. ಆಫಿಸಿನ್ಯಾಗ ಯಾರೂ ನೋಡಂಗಿಲ್ಲಂತ."

ನಾನು ಆ ದಿನದ ಒಂದು ನಕಲನ್ನು ತಿರುಗಿಸಿ ಅವಳಿಗೆ ತೋರಿಸಿದೆ. ಪ್ರತಿಯೊಂದು ನಕಲಿನ ಹಿಂದೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ, ಅರ್ಜಿಯ ನಂಬರು ಇರುತ್ತವೆ, ಅವೇ ನನ್ನ ರಿಜಿಸ್ಟರಿನಲ್ಲೂ ಇರುತ್ತವೆ. ಒಂದು ಪತ್ರ ಬರೆದು ಕೇಳಿದರೆ ಖೊಟ್ಟಿ ಯಾವುದು, ಖರೇ ಯಾವುದು ಒಂದು ದಿನದಲ್ಲಿ ಗೊತ್ತಾಗುತ್ತದೆ. "ಆಗ ಜೈಲಿಗೆ ಹೋಗೋಳು ನೀನು. ಚಂದ್ರಶಾ ಬೆಂಚಿನ ಮ್ಯಾಲೆ ಚಹಾ ಕುಡಕೋತ ಕೂತಿರ್ತಾನ" ಎಂದೆ. ಆಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕಿತ್ತು: "ಈ ಖರೇ ಕಾಗದ ಕೊಟ್ರ ನೌಕರಿ ಹೋಗ್ತದ. ಅದು ನಿನಗ ಗೊತ್ತಿರಲಿ."

"ಗೊತ್ತದ್ರಿ" ಎಂದಳು.

ಅಷ್ಟರಲ್ಲಿ ಶಿವಶರಣಪ್ಪನೇ ಬಂದ, ಜೊತೆಗೆ ಚಂದ್ರಶಾ. ಮುಂದಿನ ಚುನಾವಣೆಗೆ ನಿಲ್ಲಬೇಕೆಂದಿದ್ದವನಂತೆ. ಹೆಗಲ ಮೇಲೆ ಶಲ್ಯ, ಹಣೆಯಲ್ಲಿ ಬೆವರು. ಹೆಂಡತಿ ಬದುಕಿರುವಾಗ, ಮದುವೆ ಮುರಿಯದೆ ಮತ್ತೊಂದು ಮದುವೆಯಾದರೆ ಅಪರಾಧವೆಂದು ಯಾರೋ ದಾರಿಯಲ್ಲಿ ತಿಳಿಸಿದ್ದರು. ಆತ ನೀಲಮ್ಮನ ಮುಖ ನೋಡದೆ ನನಗೆ ಹೇಳಿದ, "ಈಕಿ ನನ್ನ ಹೆಂಡ್ತಿ ಅಲ್ರಿ ಮೇಡಮ್ಮಾರ, ಇಡೀ ಊರಿಗೇ ಗೊತ್ತದ."

"ಊರಿಗೆ ಗೊತ್ತದ, ಕೋರ್ಟಿಗೆ ಗೊತ್ತಿಲ್ಲ" ಎಂದೆ.

ಆಗ ಆತ ಅವಳ ಕಡೆ ತಿರುಗಿದ. ದನಿ ಬೆಣ್ಣೆಯಾಯಿತು. "ಸುವರ್ಣಾ, ಚಂದ್ರಶಾ ಹೇಳ್ದಂಗ ಮಾಡಿದ್ರ ನಿನಗ ನೌಕರಿನೂ ಸಿಗ್ತದ, ನನಗ ಮಾನನೂ ಉಳಿತದ. ಇಬ್ಬರಿಗೂ ಚಲೋ."

ಅವಳು ಆತನಿಗೆ ಎದುರಾಗಿ ನಿಂತಳು. "ಸುವರ್ಣಾ ಅನ್ನಾಕಿ ನಮ್ಮೂರಾಗ ಯಾರೂ ಇಲ್ಲಂತ್ರಿ, ಕಾಕಾ ಬರದು ಕೊಟ್ಟಾನ. ನಾನು ನೀಲಮ್ಮ. ಬಿಟ್ಟಾಕಿ ಅನ್ನಿಸಿಕೊಂಡು ಒಂಬತ್ತು ವರ್ಷ ತಲಿ ತಗ್ಗಿಸಿ ಅಡ್ಡಾಡೇನಿ. ಬಿಡಾಕೂ ನೆಟ್ಟಗ ಬರಲಿಲ್ಲ ನಿಮಗ. ಇನ್ನ ನಾನೇ ಬಿಡ್ತೇನಿ. ಖರೇ ಕಾಗದ ಮಾಡಿ ಬಿಡ್ತೇನಿ."

ಚಂದ್ರಶಾನ ವಿಷಯವನ್ನು ನಾನು ಅಂದೇ ಬರೆದು ಸಾಹೇಬರಿಗೆ ಒಪ್ಪಿಸಿದೆ. ಪೊಲೀಸರು ಬಂದು ರೆಕ್ಸಿನ್ ಚೀಲ ಬಿಚ್ಚಿಸಿದಾಗ ಅದರಲ್ಲಿ ಎರಡು ಖೊಟ್ಟಿ ಸೀಲುಗಳಿದ್ದವು. ಆತನ ಬಗ್ಗೆ ಇನ್ನೊಂದು ಸಾಲು ಬರೆಯಲೂ ನನಗೆ ಮನಸ್ಸಿಲ್ಲ.

ಬುಧವಾರ ನೀಲಮ್ಮ ವಜಾ ಆದೇಶದ ನಕಲನ್ನು ತಾನೇ ಒಯ್ದು ಆಯ್ಕೆಯ ಕಚೇರಿಯಲ್ಲಿ ಕೊಟ್ಟಳು. ಅವಳ ಹೆಸರು ಪಟ್ಟಿಯಿಂದ ಇಳಿಯಿತು, ಎರಡನೆಯವಳಿಗೆ ಹುದ್ದೆ ಹೋಯಿತು. ಊರಿನವರು ಹುಚ್ಚಿ ಎಂದರು. ಬಸಣ್ಣ ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದ. ಅವಳು ಆಳಂದ ಕೋರ್ಟಿನಲ್ಲಿ, ಈ ಸಲ ತಾನೇ ಅರ್ಜಿದಾರಳಾಗಿ, ಗಂಡ ತನ್ನನ್ನು ತೊರೆದು ಮತ್ತೊಂದು ಮದುವೆಯಾದನೆಂದು ಕೇಸು ಹಾಕಿದಳು. ಶಿವಶರಣಪ್ಪನ ಹೆಸರನ್ನು ಯಾರೂ ಎಂದೂ ಬದಲಿಸಿರಲಿಲ್ಲವಾದ್ದರಿಂದ ಸಮನ್ಸ್ ಮೊದಲ ಸಲಕ್ಕೇ ಮನೆ ಬಾಗಿಲಿಗೆ ಮುಟ್ಟಿತು. ಕೋರ್ಟಿಗೆ ಬಂದು ಎಲ್ಲಕ್ಕೂ ಹೌದ್ರಿ ಹೌದ್ರಿ ಎಂದನಂತೆ. ಒಂದು ವರ್ಷದ ಮೇಲೆ ತೀರ್ಪಾಯಿತು. ಅದರ ದೃಢೀಕೃತ ನಕಲಿಗೆ ಅರ್ಜಿ ಬರೆಯಲು ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

ನೌಕರಿ ನನಗೆ ಕಲಿಸಿದ್ದನ್ನು ಹೇಳಬೇಕಾದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಕೋರ್ಟಿನ ದಾಖಲೆ ಊರವರೆಲ್ಲರ ಸೊತ್ತು. ಕಣ್ಣಿದ್ದವರು ಹೋಗಿ ಕೇಳಿ ಓದಬಹುದು. ಅದನ್ನು ಓದದೆ ಬಾಯಿಮಾತಿನ ಮೇಲೆ ಬದುಕುವವರನ್ನು ನಾನು ಜೀವನವಿಡೀ ತಾತ್ಸಾರದಿಂದ ನೋಡಿದೆ. ಈಗಲೂ ನೋಡುತ್ತೇನೆ. ಆದರೆ "ನಂಬರ್ ತಗೊಂಡು ಬರ್ರಿ" ಎಂದು ಮೂವತ್ತು ವರ್ಷ ಜನರನ್ನು ಆ ಬೆಂಚಿಗೆ ಅಟ್ಟಿದವಳು ನಾನೇ. ಚಂದ್ರಶಾನಂಥವರಿಗೆ ಗಿರಾಕಿ ಒದಗಿಸಿದ್ದು ನನ್ನ ಕಿಟಕಿ. ಎಷ್ಟು ನೀಲಮ್ಮಂದಿರು ಹಾಗೆ ಹಿಂದಿರುಗಿ ಹೋದರೋ, ಅದಕ್ಕೆ ಯಾವ ರಿಜಿಸ್ಟರೂ ಇಲ್ಲ. ಉಳಿದ ಹನ್ನೊಂದು ತಿಂಗಳು ನಾನು ನಂಬರ್ ಕೇಳುವ ಮೊದಲು ಊರು ಕೇಳಿದೆ, ಹೆಂಗಸರಾದರೆ ಇರುವ ಎರಡೂ ಹೆಸರು ಕೇಳಿದೆ. ಅಷ್ಟರಿಂದಲೇ ಸಿಕ್ಕ ಫೈಲುಗಳನ್ನು ನೋಡಿ ನನಗೆ ನಾಚಿಕೆಯಾಯಿತು.

ನಾನು ನಿವೃತ್ತಳಾದ ಮರುವರ್ಷ ಅವಳ ಊರಿನ ಇನ್ನೊಂದು ಅಂಗನವಾಡಿಗೆ ಹುದ್ದೆ ಬಂತು. ಪಟ್ಟಿ ಹಚ್ಚುವ ದಿನ ಬರಲೇಬೇಕೆಂದು ಕರೆದಳು, ಹೋದೆ. ಪಂಚಾಯಿತಿಯ ಗೋಡೆಯ ಮೇಲೆ ಪಟ್ಟಿ. ಮೊದಲ ಸಾಲಿನಲ್ಲಿ ನೀಲಮ್ಮ, ತಂದೆಯ ಹೆಸರು, ಪಕ್ಕದ ಕಾಲಂನಲ್ಲಿ ವಿಚ್ಛೇದಿತೆ. ಸೋಡಚೀಟಿಗೆ ಸಹಿ ಹಾಕಿದ ಹಿರಿಯರಲ್ಲಿ ಇಬ್ಬರು ಅಲ್ಲೇ ಕಟ್ಟೆಯ ಮೇಲಿದ್ದರು. ಬಸಣ್ಣನಿಗೆ ಖುಷಿಯೂ ಆಗಿತ್ತು, ಮುಜುಗರವೂ ಆಗಿತ್ತು. ಆ ಕೊನೆಯ ಶಬ್ದದ ಮೇಲೆ ಅಂಗೈ ಅಡ್ಡ ಇಟ್ಟು, "ಇದೊಂದು ಮಾತು ಹಿಂಗ ಎಲ್ಲರ ಮುಂದ ಬರೀಬಾರದಿತ್ತು ನೋಡವ್ವ" ಎಂದ. ಹಿರಿಯರು ತಲೆಯಾಡಿಸಿದರು.

ನೀಲಮ್ಮ ಕಾಕಾನ ಕೈ ಹಿಡಿದು ಪಟ್ಟಿಯ ಮೇಲಿಂದ ತೆಗೆದಳು. ಕಟ್ಟೆಯ ಕಡೆ ತಿರುಗಿ ಹೇಳಿದಳು:

"ಒಂಬತ್ತು ವರ್ಷ ಬಿಟ್ಟಾಕಿ ಅಂತ ಸುಳ್ಳೇ ಅಂದ್ರಿ. ಈಗ ಖರೇ ಆಗ್ಯದ. ಈಗ ಅನ್ರಿ."